ಮುಖ ಕಂಡರೆ ಮಾತು

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ಊಟವಿಲ್ಲ. ಗಾದೆ ಹೀಗಲ್ಲ ಎಂದು ನನಗೂ ಗೊತ್ತು. ತಿದ್ದುವ ಉಮೇದಿದ್ದವರು ಒಮ್ಮೆ ನಮ್ಮೂರಿಗೆ ಬಂದು ನಾಲ್ಕು ದಿನ ಇದ್ದು ನೋಡಲಿ, ಆಮೇಲೆ ತಿದ್ದಲಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ನಾನು ಮೊದಲ ಸಾಲಿನಲ್ಲೇ ಗಾದೆಯನ್ನು ಸುಳ್ಳು ಮಾಡಿ ಕೈ ತೊಳೆದುಕೊಂಡಿರುವುದರಿಂದ ಇನ್ನು ಹೇಳುವುದಕ್ಕೆ ನಿಜವೊಂದೇ ಉಳಿದಿದೆ. ಇದು ನಡೆದದ್ದು. ನನ್ನ ಕಣ್ಣೆದುರಿಗೇ ನಡೆದದ್ದು, ಮತ್ತು ಮುಚ್ಚಿಟ್ಟು ಫಲವಿಲ್ಲ, ನನ್ನ ಬಾಯಿಂದಲೇ ನಡೆದದ್ದು.

ನನ್ನ ಹೆಸರು ಪಾಲಾಕ್ಷ. ಆಗ ಫೈನಲ್ ಬಿ.ಎಸ್ಸಿ. ಓದುತ್ತಿದ್ದೆ ಎನ್ನುವುದಕ್ಕಿಂತ ಫೈನಲ್ ಬಿ.ಎಸ್ಸಿ.ಯ ಬೆಂಚಿನ ಮೇಲೆ ಕೂತು ದನಿ ತೆಗೆಯುತ್ತಿದ್ದೆ. ಪ್ರಿನ್ಸಿಪಾಲರ ಕೆಮ್ಮು, ಸೈಕಲ್ ಅಂಗಡಿಯ ಪಂಪು, ಕರು ಕಳಕೊಂಡ ಎಮ್ಮೆ, ಕರೆಂಟು ಹೋಗುವಾಗ ಫ್ಯಾನು ಬಿಡುವ ಕೊನೆಯ ಉಸಿರು, ಎಲ್ಲವೂ ನನ್ನ ಗಂಟಲಲ್ಲಿದ್ದವು. ಬೇರೆ ಊರಿನಲ್ಲಾಗಿದ್ದರೆ ಇದು ಬರೀ ತಮಾಷೆ. ನಮ್ಮೂರಿನಲ್ಲಿ ಒಂದು ತಮಾಷೆಗೆ ಮೊದಲು ನಾಲ್ಕು ಸಲ ಹಿಂದೆ ಮುಂದೆ ನೋಡಬೇಕು. ನಾನು ನೋಡುವವನಲ್ಲ.

ಸಂತೆಮಾಳದ ಗೋಡೆ ಮುಗಿಯುವಲ್ಲಿ ನಮ್ಮ ಕಾಡು ಶುರುವಾಗುತ್ತದೆ. ಊರಿನ ಮೂವರಲ್ಲಿ ಒಬ್ಬರ ಮಾತು ಆ ಕಾಡಿನಲ್ಲಿದೆ. ಮಾತು ಮಾತ್ರ. ನಗು, ಕೆಮ್ಮು, ಗೊರಕೆ ಎಲ್ಲ ಅವರ ಬಳಿಯೇ ಉಳಿದಿವೆ. ಹೀಗಾಗಿ ಕಿರಾಣಿ ಅಂಗಡಿಗಳಲ್ಲಿ ಸಾಮಾನಿನ ಚಿತ್ರ ಬರೆದ ಹಲಗೆ ತೂಗುಹಾಕಿರುತ್ತದೆ, ತೊಗರಿಬೇಳೆಯ ಮೇಲೆ ಬೆರಳಿಟ್ಟರೆ ತೊಗರಿಬೇಳೆ. ಬಸ್ಸಿನ ಪ್ರತಿ ಸೀಟಿಗೂ ಒಂದು ಗಂಟೆ. ಹೆಣ್ಣು ನೋಡಲು ಬಂದವರು ಹಾಡು ಹೇಳಮ್ಮ ಎನ್ನುವುದಿಲ್ಲ. ಏನಾದರೂ ಹೇಳಮ್ಮ, ಸಾಕು ಎನ್ನುತ್ತಾರೆ. ಮಕ್ಕಳಿಗೆ ಅ ಆ ಇ ಈ ಕಲಿಸುವ ಮೊದಲು 'ಮುಖ ಕಂಡರೆ ಮಾತು' ಎನ್ನುವುದನ್ನು ಕಲಿಸುತ್ತಾರೆ. ಅಂದರೆ ಕಾಡಿನೊಳಗೆ ಎದುರಿಗೆ ಮುಖ ಕಂಡರೆ ಬೇಕಾದಷ್ಟು ಮಾತಾಡು. ಮುಖ ಕಾಣದ ದನಿ ಹೆತ್ತವ್ವನದೇ ಆಗಿರಲಿ, ಹೆಸರು ಹಿಡಿದು ಕರೆದರೂ ಓಗೊಡಬೇಡ. ಅಲ್ಲಿ ಉಳಿದ ದನಿಗಳು ಸುಮ್ಮನಿರುವುದಿಲ್ಲ, ತಮ್ಮವರನ್ನು ಕರೆಯುತ್ತಲೇ ಇರುತ್ತವೆ. ಓಗೊಟ್ಟವರ ದನಿಯೂ ಅಲ್ಲೇ ಉಳಿಯುತ್ತದೆ. ಕಾಡು ಕಾಡುವುದೇ ಹೀಗೆ ಎಂದು ಪಿ.ಯು.ಸಿ. ಪ್ರಬಂಧದಲ್ಲಿ ಬರೆದು ನಾನು ಕನ್ನಡ ಮೇಷ್ಟ್ರಿಂದ ಸೊನ್ನೆ ತಗೊಂಡಿದ್ದೆ. ಅವರ ಹೆಂಡತಿಯ ಮಾತೂ ಅಲ್ಲೇ ಇತ್ತು ಎಂಬುದು ನನಗೆ ಗೊತ್ತಿರಲಿಲ್ಲ.

ಇನ್ನೊಂದು ಹೇಳಿಬಿಡಬೇಕು, ಮನೆಹಾಜರಿ. ಯುಗಾದಿಗೆ ಮುಂಚಿನ ಸೋಮವಾರ ಪುರಸಭೆಯ ಗುಮಾಸ್ತರು ಬೀದಿಯ ನಡುವೆ ನಿಂತು ಒಂದೊಂದೇ ಮನೆಯ ನಂಬರು ಕೂಗುತ್ತಾರೆ. ಒಳಗಿನಿಂದ ಆ ಮನೆಯವರದೇ ದನಿಯಲ್ಲಿ 'ಇದ್ದೀವಿ' ಎಂದು ಬರಬೇಕು. ಕಿಟಕಿಯಿಂದ ಕೈ ಬೀಸಿದರೆ, ತಟ್ಟೆ ಬಡಿದರೆ ನಡೆಯದು. ಮೂರು ಸಲ ಕೂಗಿಯೂ ಉತ್ತರವಿಲ್ಲದ ಮನೆಯ ಬಾಗಿಲಿಗೆ ಅಡ್ಡಪಟ್ಟಿ ಹೊಡೆದು ಬೇರೆಯವರಿಗೆ ಬರೆದುಕೊಡುತ್ತಾರೆ, ಇದ್ದವರು ಇಟ್ಟಿಗೆ ಗೂಡಿನ ಹಿಂದಿನ ತಗಡಿನ ಶೆಡ್ಡಿಗೆ ಹೋಗುತ್ತಾರೆ. ಹೊರಗಿನವರು ಯಾರಾದರೂ ಕರುಣೆ ತೋರಿಸಲು ಹೋಗಿ ಒಳಗಿಂದ ಓಗೊಟ್ಟು ಸಿಕ್ಕಿಬಿದ್ದರೆ ಅವರ ಮನೆಗೂ ಪಟ್ಟಿ. ಇದನ್ನು ಯಾರು ಯಾವ ಕಾಲದಲ್ಲಿ ಮಾಡಿದರೋ ಕೇಳಿದವರಿಲ್ಲ. ಲಸಿಕೆ ಹಾಕುವವರು ಬಂದುಹೋದ ಹಾಗೆ ಅವರೂ ಬಂದುಹೋಗುತ್ತಾರೆ.

ನನ್ನ ಕ್ಲಾಸಿನ ಪಂಕಜಾಳ ಮನೆ ನಂಬರು ನಲವತ್ತೊಂದು. ಅವಳ ಅಪ್ಪ ಗುಡ್ಡಪ್ಪ ಒಂದು ಕಾಲಕ್ಕೆ ಮರದ ಡಿಪೋದಲ್ಲಿ ಹರಾಜು ಕೂಗುತ್ತಿದ್ದವರು. ಅವರು 'ಒಂದನೇ ಸಲ' ಎಂದರೆ ಮಾಳದ ಆಚೆ ಮೇಯುತ್ತಿದ್ದ ದನ ತಲೆಯೆತ್ತುತ್ತಿದ್ದವು. ಡಿಪೋ ಪಕ್ಕದಲ್ಲೇ ನಮ್ಮ ಮನೆ, ಹಾಗಾಗಿ ನಾನು ಕಲಿತ ಮೊದಲ ದನಿ ಅವರದು. ಎಂಟು ವರ್ಷದ ಹಿಂದೆ ದಿಮ್ಮಿ ಎಣಿಸಲು ಕಾಡೊಳಗೆ ಹೋದಾಗ ತೀರಿಹೋಗಿದ್ದ ಅಣ್ಣನ ದನಿ 'ಗುಡ್ಡಾ' ಎಂದಿತಂತೆ, ಇವರು 'ಏನಣ್ಣ' ಎಂದುಬಿಟ್ಟರು. ಮರುವರ್ಷ ಅವರ ಹೆಂಡತಿ ದೇವೀರಮ್ಮ ಸೀಗೆಕಾಯಿಗೆ ಹೋದವರು ಗಂಡನ ದನಿಗೆ ಓಗೊಟ್ಟು ಬಂದರು. ಗೊತ್ತಾಗದೆ ಅಲ್ಲ, ಗೊತ್ತಿದ್ದೇ ಓಗೊಟ್ಟಳು ಎಂದು ಓಣಿಯ ಹೆಂಗಸರು ಹೇಳುತ್ತಾರೆ. ಅಲ್ಲಿಂದ ಈಚೆಗೆ ಪ್ರತಿವರ್ಷ ನಲವತ್ತೊಂದನೇ ನಂಬರಿಗೆ 'ಇದ್ದೀವಿ' ಎನ್ನುತ್ತಿದ್ದವಳು ಪಂಕಜಾ ಒಬ್ಬಳೇ. ಆ ಮನೆಗೆ ಉಳಿದಿದ್ದು ಅದೊಂದೇ ದನಿ.

ಹೀಗಿದ್ದ ಹುಡುಗಿ ಕಾಡಿಗೆ ಯಾಕೆ ಬಂದಳು ಎಂದರೆ ನಿಸರ್ಗ ಸಂಘದ ಶಿಬಿರಕ್ಕೆ ಬಾರದವರಿಗೆ ಪ್ರಾಕ್ಟಿಕಲ್ ಪರೀಕ್ಷೆಯ ಹಾಲ್ ಟಿಕೆಟ್ ಕೊಡುತ್ತಿರಲಿಲ್ಲ. ಮೂರು ದಿನ ಕಾಡಿನಲ್ಲೇ ವಾಸ, ಅಧ್ಯಯನ, ವರದಿ. ಶಿಬಿರದಿಂದ ಮನೆಹಾಜರಿಗೆ ಆರೇ ವಾರ. ಹೊರಡುವ ಬೆಳಿಗ್ಗೆ ಲಾರಿ ಹತ್ತುವಾಗ ಅವಳು ನನಗೊಂದು ಚೀಟಿ ತೋರಿಸಿದಳು. "ಅಮ್ಮ ಬರ್ದಿರೋದು ನೋಡು." ಚೀಟಿಯಲ್ಲಿ, 'ಪರೀಕ್ಷೆ ಮುಂದಿನ ವರ್ಷ ಬರತ್ತೆ' ಎಂದಿಷ್ಟೇ ಇತ್ತು. "ಮುಂದಿನ ವರ್ಷ ಮುಂದಿನ ವರ್ಷ ಅಂತ ಕೂತ್ರೆ ನಾನು ಆ ಮನೆ ಬಾಗ್ಲಿಗೆ ಬೀಗ ಆಗ್ತೀನಿ ಅಷ್ಟೆ" ಎಂದು ಅದನ್ನು ಮಡಚಿ ಪೆನ್ಸಿಲ್ ಡಬ್ಬಿಯೊಳಗೆ ಇಟ್ಟುಕೊಂಡಳು.

ನಾವು ಹದಿನಾಲ್ಕು ಜನ. ಜೊತೆಗೆ ಬಾಟನಿಯ ಕೊಟ್ರೇಶ್ ಸರ್. ಅವರು ಒಬ್ಬೊಬ್ಬರ ಕತ್ತಿಗೂ ದಾರ ಪೋಣಿಸಿದ ಸೀಟಿ ಹಾಕಿದರು. "ಒಂದು ಊದಿದ್ರೆ ಇಲ್ಲಿದೀನಿ ಅಂತ. ಎರಡು ಊದಿದ್ರೆ ಬಾ ಅಂತ. ಮೂರು ಊದಿದ್ರೆ ಬಾಯಿ ಮುಚ್ಕೋ, ಕಾಡು ಕರೀತಾ ಇದೆ ಅಂತ. ಮೂರು ಕೇಳಿದ್ ಕೂಡ್ಲೆ ಹಲ್ಲು ಕಚ್ಚಿ ನಿಂತ್ಕೋಬೇಕು. ತಿಳೀತಾ?" ನಾನು ಅವರದೇ ದನಿಯಲ್ಲಿ "ತಿಳೀತು ಸರ್" ಎಂದೆ. "ಪಾಲಾಕ್ಷ, ನೀನು ಸೀಟಿ ಊದೋದ್ರಲ್ಲಾದ್ರೂ ನಿನ್ನ ಸ್ವಂತದ್ದು ಊದಪ್ಪ" ಎಂದರು. ಕಾಡುಬಂಗಲೆಯ ಬಾಗಿಲಲ್ಲಿ ವಾಚರ್ ಈರಭದ್ರ ಚಪ್ಪಾಳೆ ತಟ್ಟಿ ನಮ್ಮನ್ನು ಎಣಿಸಿ ಒಳಗೆ ಬಿಟ್ಟ. ಅರಣ್ಯ ಇಲಾಖೆಯವರು ಈ ಕೆಲಸಕ್ಕೆ ಮಾತು ಹೋದವರನ್ನೇ ತೆಗೆದುಕೊಳ್ಳುತ್ತಾರೆ. ಕಳಕೊಳ್ಳಲು ಏನೂ ಇರಬಾರದು ನೋಡಿ. ವಾಕ್ಕಿಲ್ಲದವನೇ ವಾಚರ್ ಎಂದು ನಾನು ಪಿಸುಗುಟ್ಟಿದೆ. ಪಂಕಜಾ ಮೊಣಕೈಯಿಂದ ತಿವಿದಳು, ಆದರೂ ನಕ್ಕಳು.

ಎರಡನೆಯ ದಿನ ಮಧ್ಯಾಹ್ನ ನಮ್ಮಿಬ್ಬರಿಗೆ ಸಿಕ್ಕಿದ್ದು ಹಳ್ಳದ ದಂಡೆಯ ಚೌಕ. ನಾಲ್ಕು ಗೂಟ ಹೊಡೆದು ಹತ್ತು ಮೀಟರ್ ಉದ್ದಗಲಕ್ಕೆ ಹಗ್ಗ ಕಟ್ಟಿ, ಒಳಗಿನ ಪ್ರತಿ ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ ಅಳೆಯಬೇಕು. ಯಾರ ಎದೆಯೆತ್ತರ ಎಂದು ಕೇಳಿದ್ದಕ್ಕೆ ಕೊಟ್ರೇಶ್ ಸರ್, "ನಿನಗೆ ಎದೆ ಇದ್ರೆ ನಿಂದೇ" ಎಂದಿದ್ದರು. ಒಂದು ಹೊನ್ನೆ, ಎರಡು ದಿಂಡಿಗ, ಮೂರು ತಾರೆ ಆಗುವಷ್ಟರಲ್ಲಿ ನನಗೆ ಬೇಸರ ಬಂತು. ಪಂಕಜಾ ಬಗ್ಗಿ ಸಸಿ ಎಣಿಸುತ್ತಿದ್ದಳು. ನಾನು ಸದ್ದಿಲ್ಲದೆ ಹೋಗಿ ದೊಡ್ಡ ತಾರೆಮರದ ಹಿಂದೆ ನಿಂತು, ಗಂಟಲನ್ನು ಹೊಟ್ಟೆಗೆ ಇಳಿಸಿ, ಹರಾಜಿನ ಎಳೆತ ಕೊಟ್ಟು ಕರೆದೆ: "ಪಂಕೀ... ಏ ಪಂಕೀ..."

ಇಣುಕಿ ನೋಡಿದರೆ ಅವಳ ಕೈಯಿಂದ ಪೆನ್ಸಿಲ್ ಬಿದ್ದಿತ್ತು. ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡು, ಕಣ್ಣು ಮುಚ್ಚಿ, ಹಗ್ಗ ಹಿಡಿದು ನಿಂತಿದ್ದಳು. ಹಗ್ಗ ನಡುಗಿ ನಾಲ್ಕು ಗೂಟಗಳೂ ಅಲ್ಲಾಡುತ್ತಿದ್ದವು. ಇನ್ನೂ ಎರಡು ಸಲ ಕರೆದೆ. ಅವಳು ಎರಡು ಹೆಜ್ಜೆ ದನಿಯ ಕಡೆಗೆ ಬಂದಳು, ಬಟ್ಟೆ ಕಚ್ಚಿಕೊಂಡೇ. ಆಗ ನಾನು ಹೊರಗೆ ಬಂದೆ. "ನಾನು ಕಣೇ, ನಾನು. ಮುಖ ನೋಡು." ಅವಳು ನೋಡಿದಳು. ಬರೆಯುವ ಹಲಗೆಯನ್ನು ನನ್ನ ಮುಖಕ್ಕೆ ಎಸೆದು, "ಸಾಯಿ ಹೋಗು" ಎಂದು ನೆಲದ ಮೇಲೆ ಕೂತುಬಿಟ್ಟಳು. ಹಲಗೆ ತಗುಲಿ ನನ್ನ ಹುಬ್ಬು ಒಡೆದಿತ್ತು. ಒರೆಸಿಕೊಳ್ಳುತ್ತಾ ನಿಂತಿದ್ದಾಗ ಅವಳು ನೆಲ ನೋಡುತ್ತಾ ಹೇಳಿದಳು, "ಪಾಲಾಕ್ಷ, ಇನ್ನೊಂದ್ಸಲ ಕರಿಯೋ."

"ಏನು?"

"ಹಂಗೇ ಕರಿ. ಎದುರಿಗೆ ನಿಂತ್ಕೊಂಡು. ಎಂಟು ವರ್ಷ ಆಯ್ತು ಕಣೋ, ಹೆಂಗಿತ್ತು ಅನ್ನೋದೇ ಮರ್ತುಹೋಗಿತ್ತು."

ನಾನು ಕರೆದೆ. ಅವಳು ನನ್ನ ಮುಖ ನೋಡುತ್ತಾ, "ಓ ಅಪ್ಪಾ" ಎಂದಳು. ಮುಖ ಕಾಣುತ್ತಿತ್ತು, ನಿಯಮ ಮುರಿದಂತಾಗಲಿಲ್ಲ. ಮತ್ತೆ ಕರೆದೆ, ಮತ್ತೆ ಓ ಎಂದಳು. ಆ ಸಂಜೆ ಬಂಗಲೆಯ ಜಗಲಿಯಲ್ಲಿ ಚಹಾ ಕುಡಿಯುವ ಹೊತ್ತಿಗೆ ನಮ್ಮದೊಂದು ನಾಟಕವೇ ಆಗಿತ್ತು. "ಪಂಕೀ, ಮಾರ್ಕ್ಸ್ ಕಾರ್ಡ್ ಎಲ್ಲೇ?" ಎಂದು ನಾನು. "ಓ ಅಪ್ಪಾ, ಇಲಿ ತಿಂತು" ಎಂದು ಅವಳು. "ಹಂಗಾರೆ ಇಲೀನೇ ಕರಿ, ಅದಾದ್ರೂ ಪಾಸಾಗಿರತ್ತೆ." ಹುಡುಗರೆಲ್ಲ ಹೊರಳಾಡಿ ನಕ್ಕರು. ಕೊಟ್ರೇಶ್ ಸರ್ ಕೂಡ ಲೋಟ ಕೆಳಗಿಟ್ಟು ನಕ್ಕರು. ಕಂಬಕ್ಕೆ ಒರಗಿ ನಿಂತಿದ್ದ ಈರಭದ್ರ ಮಾತ್ರ ನಗಲಿಲ್ಲ. ಎರಡು ಚಪ್ಪಾಳೆ ತಟ್ಟಿ, ನಾನು ತಿರುಗಿದಾಗ, ತನ್ನ ಅಂಗೈಯಿಂದ ತನ್ನ ಬಾಯಿ ಮುಚ್ಚಿಕೊಂಡು ತೋರಿಸಿದ. ನಾನು ಅವನ ಚಪ್ಪಾಳೆಯನ್ನೂ ಅಂಗೈಯನ್ನೂ ಹಾಗೆಯೇ ಮಾಡಿ ತೋರಿಸಿದೆ. ಅದಕ್ಕೂ ನಗು ಬಂತು.

ಆ ಸಂಜೆ ಪಂಕಜಾ ಎಷ್ಟು ಸಲ ಓ ಎಂದಳೋ ಎಣಿಸಿದವರಿಲ್ಲ. ಎಂಟು ವರ್ಷ ಹಲ್ಲಿನ ಹಿಂದೆ ಹಿಡಿದಿಟ್ಟಿದ್ದ ಒಂದಕ್ಷರವನ್ನು ನಾನು ಒಂದೇ ಸಂಜೆಯಲ್ಲಿ ಅವಳ ನಾಲಿಗೆಗೆ ಸಲೀಸು ಮಾಡಿಕೊಟ್ಟೆ.

ಮೂರನೆಯ ದಿನ ಬೆಳಿಗ್ಗೆ ಚೌಕದ ಮೂಲೆಯಲ್ಲಿ ಒಂದೇ ಒಂದು ಮರ ಬಾಕಿ ಇತ್ತು, ಇಬ್ಬರು ತಬ್ಬಿದರೂ ಸಾಲದಂಥ ಮತ್ತಿಮರ. ಅವಳು ಆಚೆ ಬದಿಯಲ್ಲಿ ಟೇಪಿನ ತುದಿ ಹಿಡಿದಿದ್ದಳು, ನಾನು ಈಚೆ. ನಡುವೆ ಮರ, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ನನ್ನ ಬೆನ್ನ ಹಿಂದೆ ಲಂಟಾನದ ಮೆಳೆ. ಆ ಮೆಳೆಯೊಳಗಿಂದ ದನಿ ಬಂತು. "ಪಂಕೀ..."

ಅದು ನಾನಲ್ಲ ಎಂದು ಲೋಕದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಸೀಟಿ ಕತ್ತಿನಲ್ಲೇ ಇತ್ತು. ಮೂರು ಸಲ ಊದಬೇಕಿತ್ತು. ಕೈ ಸೀಟಿಯವರೆಗೆ ಹೋಯಿತು ಕೂಡ. ಆದರೆ ಆ ದನಿ ಎರಡನೆಯ ಸಲ ಕರೆದಾಗ, ಹೆಸರಿನ ಕೊನೆಯಲ್ಲಿ ಉಸಿರನ್ನು ಸಣ್ಣಗೆ ಹಿಡಿದು ಬಿಟ್ಟಿತು, ಹರಾಜಿನ ಸುತ್ತಿಗೆ ಬೀಳುವ ಮೊದಲು ಕೈ ಗಾಳಿಯಲ್ಲಿ ನಿಲ್ಲುವ ಹಾಗೆ. ಇಷ್ಟು ವರ್ಷ ನಾನು ತೆಗೆಯುತ್ತಿದ್ದ ಗುಡ್ಡಪ್ಪನ ದನಿಗೆ ಸಿಗದೇ ಇದ್ದದ್ದು ಅದೇ. ಎಷ್ಟು ಚೆನ್ನಾಗಿದೆ ಎಂದುಕೊಂಡೆ. ಇದನ್ನು ಕಲಿಯಬೇಕು ಎಂದುಕೊಂಡೆ. ಇಷ್ಟು ಅಂದುಕೊಳ್ಳುವುದಕ್ಕೆ ಅರ್ಧ ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟರಲ್ಲಿ ಮರದ ಆಚೆಯಿಂದ ಪಂಕಜಾ ನಗುತ್ತಾ, "ಟೇಪ್ ಹಿಡ್ಕೊಂಡಿದೀನಿ, ಬಂದೆ ತಾಳಪ್ಪಾ" ಎಂದಳು. ಆ ಕೊನೆಯ ದೀರ್ಘ ಅವಳ ಬಾಯಲ್ಲಿ ಮುಗಿಯಲಿಲ್ಲ. ಉಳಿದರ್ಧ ಲಂಟಾನದೊಳಗಿಂದ ಬಂತು.

ನಾನು ಮೂರು ಸಲ ಊದಿದೆ. ಆಮೇಲೂ ಊದುತ್ತಲೇ ಇದ್ದೆ. ಅವಳು ಮರ ಸುತ್ತಿಕೊಂಡು ಬಂದಳು. ಅಳತೆ ತಪ್ಪಿಹೋಗದಂತೆ ಟೇಪಿನ ಮೇಲೆ ಹೆಬ್ಬೆರಳ ಉಗುರು ಒತ್ತಿ ಹಿಡಿದಿದ್ದಳು. ಅದನ್ನು ನನಗೆ ತೋರಿಸಿ ಹೇಳಲು ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ನನ್ನ ಬಾಯಿಯನ್ನೇ ನೋಡಿದಳು, ಅಲ್ಲಿದ್ದ ಸೀಟಿಯನ್ನು ನೋಡಿದಳು. ಕರೆದದ್ದು ನೀನಲ್ಲವಾ ಎಂದು ಅವಳ ಕಣ್ಣು ಕೇಳಿತು. ನಾನಲ್ಲ ಎಂದು ತಲೆಯಾಡಿಸಿದೆ.

ಕೊಟ್ರೇಶ್ ಸರ್ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದರು. "ಹೊರಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ, ಅದು ಹೋಗ್ಲಿ. ಆ ಮನೆ ಹೋಗುತ್ತೆ. ಮನೆಹಾಜರಿವರೆಗೆ ಪಂಕಜಾಗೆ ಗಂಟಲು ಕಟ್ಟಿದೆ. ಅಷ್ಟೇ. ಯಾರ ಬಾಯಲ್ಲೂ ಬೇರೆ ಬರಬಾರದು." ಹೇಗಾಯಿತು ಎಂದು ಅವರು ನನ್ನನ್ನು ಕೇಳಿದಾಗ, ಸೀಟಿ ಊದುವ ಮೊದಲೇ ಓಗೊಟ್ಟುಬಿಟ್ಟಳು ಸರ್ ಎಂದೆ. ಅದು ಸುಳ್ಳೇನಲ್ಲ. ಅರ್ಧ ಉಸಿರಿನ ವಿಚಾರವನ್ನು ಅವರಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಮರುದಿನ ನಲವತ್ತೊಂದನೇ ನಂಬರಿಗೆ ಹೋದೆ. ಪಂಕಜಾ ಎಲ್ಲವನ್ನೂ ನೋ‌ಟ್‌ಬುಕ್ಕಿನಲ್ಲಿ ಬರೆದು ಅಪ್ಪ ಅಮ್ಮನಿಗೆ ಕೊಟ್ಟಿದ್ದಳು. ದೇವೀರಮ್ಮ ಬಾಗಿಲು ತೆಗೆದು, ನನ್ನನ್ನು ನೋಡಿ, ಒಳಗೆ ಹೋಗಿ ಸೌಟು ತಂದು ನನ್ನ ಭುಜಕ್ಕೆ ಒಂದೇ ಒಂದು ಏಟು ಹಾಕಿದರು. ಆಮೇಲೆ ಅದೇ ಸೌಟನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತರು. ಬೈಗುಳವೇ ಇಲ್ಲದ ಮನೆಯಲ್ಲಿ ಬೈಸಿಕೊಳ್ಳಲು ನಿಂತವನ ಪಾಡು ಯಾರಿಗೂ ಬೇಡ. ಗುಡ್ಡಪ್ಪ ಕತ್ತಿನಲ್ಲಿದ್ದ ಸ್ಲೇಟನ್ನು ತೊಡೆಯ ಮೇಲಿಟ್ಟು ನಿಧಾನವಾಗಿ ಬರೆದರು: 'ನನ್ನ ಹಂಗೆ ಕೂಗ್ತೀಯಂತೆ. ಕೂಗು.'

ಕೂಗಿದೆ. ಬೇಡ ಬೇಡವೆಂದರೂ ಕೊನೆಯಲ್ಲಿ ಆ ಉಸಿರು ಬಂದುಬಿಟ್ಟಿತು. ಅವರು ಕಣ್ಣು ಮುಚ್ಚಿ ಕೇಳಿದರು. ದೇವೀರಮ್ಮನ ಕೈಯಿಂದ ಸೌಟು ಜಾರಿತು. ಗುಡ್ಡಪ್ಪ ಬರೆದರು: 'ಕಡೆಗೆ ಉಸಿರು ಹಿಡಿಯೋದನ್ನ ಯಾರೂ ಕಂಡುಹಿಡಿದಿರಲಿಲ್ಲ.' ನಾನು ತಲೆ ತಗ್ಗಿಸಿದೆ. ಅವರು ತೋಳಿನಿಂದ ಸ್ಲೇಟು ಒರೆಸಿ ಮತ್ತೆ ಬರೆದು ನನ್ನ ಮುಂದೆ ಹಿಡಿದರು: 'ಅವಳದ್ದು ಬರುತ್ತಾ?'

ಬರುತ್ತಿರಲಿಲ್ಲ. ದನಿ ತೆಗೆಯುವವನಿಗೆ ಹಿಡಿದುಕೊಳ್ಳಲು ಒಂದು ಹಿಡಿ ಬೇಕು. ತೊದಲು, ಗೊಗ್ಗರು, ಮೂಗು, ಏನೋ ಒಂದು. ಪಂಕಜಾಳದು ಏನೂ ಇಲ್ಲದ ಸಾದಾ ದನಿ, ಬಾವಿಯ ನೀರಿನಂಥದ್ದು. ದಿನಾ ಕಾಲೇಜು ಬಿಟ್ಟಮೇಲೆ ಹಿತ್ತಿಲಿನಿಂದ ಅವರ ಮನೆಗೆ ಹೋಗುತ್ತಿದ್ದೆ. ಅವಳು ಅಡಿಪಟ್ಟಿ ಹಿಡಿದು ಎದುರಿಗೆ ಕೂರುತ್ತಿದ್ದಳು. ನಾನು 'ಇದ್ದೀವಿ' ಎನ್ನುವುದು, ಅವಳು ತಲೆಯಲ್ಲಾಡಿಸಿ ಗೆಣ್ಣಿಗೆ ಹೊಡೆಯುವುದು. ಎರಡು ವಾರ ಕಳೆದರೂ ನನ್ನ 'ಇದ್ದೀವಿ' ಒಮ್ಮೆ ಹೆಡ್‌ನರ್ಸಿನ ಹಾಗೆ, ಒಮ್ಮೆ ನಮ್ಮತ್ತೆಯ ಹಾಗೆ ಕೇಳುತ್ತಿತ್ತು. ದೇವೀರಮ್ಮ ಪಾತ್ರೆಗಳನ್ನು ಗೋಣಿಗೆ ತುಂಬಲು ಶುರು ಮಾಡಿದರು. ಗುಡ್ಡಪ್ಪ ಒಂದು ದಿನ ಇಟ್ಟಿಗೆ ಗೂಡಿನ ಕಡೆಗೆ ಹೋಗಿ ಶೆಡ್ಡು ನೋಡಿಕೊಂಡು ಬಂದರು. ಸ್ಲೇಟಿನಲ್ಲಿ, 'ಮಳೆ ಬಂದರೆ ಕಷ್ಟ' ಎಂದು ಬರೆದರು.

ಮೂರನೆಯ ಭಾನುವಾರ ನಾನು ಒಬ್ಬನೇ ಕಾಡಿಗೆ ಹೋದೆ. ಪಂಕಜಾಳ ದನಿ ಕೇಳಿ ಕಲಿಯಲು ಬಂದಿದ್ದೀನಿ ಎಂದಾಗ ಈರಭದ್ರ ಒಪ್ಪಿ ಒಂದು ಚಪ್ಪಾಳೆ ತಟ್ಟಿದ. ತನ್ನ ಟವೆಲನ್ನು ಸುತ್ತಿ ನನ್ನ ಬಾಯಿಗೆ ಕೊಟ್ಟು, ಉಳಿದದ್ದನ್ನು ತಲೆಯ ಹಿಂದೆ ಬಿಗಿದು ಕಟ್ಟಿ, ಮತ್ತಿಮರದ ಬಳಿ ಕೂರಿಸಿ ಹಿಂದಿನಿಂದ ನನ್ನ ಎರಡೂ ರಟ್ಟೆ ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಮೆಳೆಯೊಳಗಿಂದ, "ಪಾಲಾಕ್ಷ... ಎಲ್ಲಿದೀಯೋ, ಬಾರೋ" ಎಂದು ಬಂತು. ಸಿಟ್ಟಿನಿಂದ ಕರೆದಿದ್ದರೆ ತಡೆದುಕೊಳ್ಳಬಹುದಿತ್ತು. ಟೇಪಿನ ಆ ತುದಿ ಹಿಡಿಯೋ ಎನ್ನುವಷ್ಟು ಸಾದಾ ಆಗಿ ಕರೆಯುತ್ತಿತ್ತು. ನಾನು ಟವೆಲು ಕಚ್ಚಿಕೊಂಡು, ನೋಟ್ಸ್ ಬರೆದುಕೊಳ್ಳುವವನ ಹಾಗೆ ಕೇಳಿದೆ. ಮಾತು ಎಲ್ಲಿ ಏರುತ್ತದೆ, ಎಲ್ಲಿ ಮೂಗಿಗೆ ತಾಗದೆ ಹೋಗುತ್ತದೆ, 'ದ' ಎನ್ನುವಾಗ ನಾಲಿಗೆ ಎಷ್ಟು ಹೊತ್ತು ಹಲ್ಲಿನ ಹತ್ತಿರ ನಿಲ್ಲುತ್ತದೆ. ಹೀಗೆ ನಾಲ್ಕು ಭಾನುವಾರ. ಎರಡು ಸಲ ಈರಭದ್ರ ಹಿಡಿದಿಲ್ಲದಿದ್ದರೆ ಟವೆಲು ಕಿತ್ತು ಓ ಎಂದುಬಿಡುತ್ತಿದ್ದೆ. ಕೊನೆಯ ಭಾನುವಾರ ಸಂಜೆ ನಾನು 'ಇದ್ದೀವಿ' ಎಂದಾಗ ಪಂಕಜಾ ಅಡಿಪಟ್ಟಿ ಎತ್ತಲಿಲ್ಲ. ಎದ್ದು ಹೋಗಿ ಹಿತ್ತಿಲಲ್ಲಿ ಬಟ್ಟೆ ಒಗೆಯತೊಡಗಿದಳು, ಒಗೆದು ಒಣಗಿದ್ದ ಬಟ್ಟೆಗಳನ್ನೇ.

ಮಾರನೆಯ ದಿನವೇ ಹಾಜರಿ. ಬೆಳಕು ಹರಿಯುವ ಮೊದಲೇ ನಾನು ಹಿತ್ತಿಲಿನಿಂದ ಒಳಗೆ ಸೇರಿ, ತಲೆಬಾಗಿಲಿನ ಮುಚ್ಚಿದ ರೆಕ್ಕೆಯ ಹಿಂದೆ, ಒನಕೆ ಮತ್ತು ಸುತ್ತಿಟ್ಟ ಚಾಪೆಯ ನಡುವೆ ನಿಂತೆ. ಪಂಕಜಾ ತೆರೆದ ಅರ್ಧದಲ್ಲಿ, ಹೊಸ್ತಿಲ ಮೇಲೆ, ಮೂಗು ಬಾಯಿಗೆ ದುಪಟ್ಟಾ ಹಿಡಿದು ನಿಂತಳು. ನನಗೆ ಅವಳ ಹಿಮ್ಮಡಿ, ಜಡೆಯ ತುದಿ, ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಕೈ ಇಷ್ಟೇ ಕಾಣುತ್ತಿದ್ದವು. ಗುಮಾಸ್ತ ಶೇಷಗಿರಿಯವರ ಕೂಗು ಹತ್ತಿರ ಬರುತ್ತಿತ್ತು. ಮೂವತ್ತೊಂಬತ್ತು, ಇದ್ದೀವಿ. ನಲವತ್ತು, ಇದ್ದೀವಿ. "ನಂಬರು ನಲವತ್ತೊಂದು." ಬಾಯಿ ತೆರೆದವನು ನಮ್ಮತ್ತೆಯ ದನಿ ಬಂದುಬಿಟ್ಟೀತೆಂದು ಮುಚ್ಚಿಕೊಂಡೆ. "ನಂಬರು ನಲವತ್ತೊಂದು." ಬೀದಿಯಲ್ಲಿ ಯಾರೋ ಮೊಳೆಯ ಡಬ್ಬಿ ಅಲ್ಲಾಡಿಸಿದರು. ಕತ್ತಲೆಯಲ್ಲಿ ಗುಡ್ಡಪ್ಪನ ಉಗುರು ನನ್ನ ಹೆಗಲಿಗೆ ಇಳಿಯಿತು. "ನಂಬರು ನಲವತ್ತೊಂ..."

"ಇದ್ದೀವಿ."

ದೇವೀರಮ್ಮ ಅಡಿಗೆಮನೆಯ ಬಾಗಿಲಲ್ಲಿ ಮಗಳ ದನಿ ಕೇಳಿ ಮುಖ ಮುಚ್ಚಿಕೊಂಡರು. ಆದರೆ ಗುಮಾಸ್ತರು ಮುಂದೆ ಹೋಗಲಿಲ್ಲ. ಚಪ್ಪಲಿಯ ಸದ್ದು ಮೆಟ್ಟಿಲವರೆಗೆ ಬಂತು. "ಏನಮ್ಮ ಪಂಕಜಾ, ಮೂರನೇ ಸಲಕ್ಕೆ ದನಿ ಬಂತು. ಗಂಟಲು ಕಟ್ಟಿದೆ ಅಂತ ಕೇಳಿದ್ದೆ."

"ಈಗ ವಾಸಿ, ಸರ್."

"ಬಾಯಿಗೆ ಬಟ್ಟೆ ಯಾಕೆ ಮತ್ತೆ?"

"ನೆಗಡಿ, ಸರ್. ನಿಮಗೆ ಅಂಟ್ಕೊಂಡ್ರೆ ಊರಿಗೆಲ್ಲ ಅಂಟುತ್ತೆ."

ಇಲ್ಲಿಯವರೆಗೆ ಎಲ್ಲ ಅಭ್ಯಾಸ ಮಾಡಿದ್ದೇ. ಗುಮಾಸ್ತರು ಪುಸ್ತಕದ ಹಾಳೆ ಮಗುಚಿದ ಸದ್ದಾಯಿತು. "ಇನ್ನೊಂದು ವಿಷಯ. ಕಾಲೇಜಿನ ಕ್ಯಾಂಪಲ್ಲಿ ಯಾವನೋ ಹುಡುಗ ಮರೆಯಲ್ಲಿ ನಿಂತು ನಿಮ್ಮಪ್ಪನ ದನೀಲಿ ನಿನ್ನ ಕರ್ದು ಆಟ ಆಡ್ಸಿದನಂತೆ. ಕಾಡೊಳಗೆ ಮರೆಯಿಂದ ಕರಿಯೋದು ತಪ್ಪು, ಗೊತ್ತಲ್ಲ. ನೀನು ದೂರು ಕೊಟ್ರೆ ಬರ್ಕೋತೀನಿ, ಕಾಲೇಜಿಂದ ಹೆಸರು ತೆಗೀತಾರೆ. ತಮಾಷೆ, ಬಿಟ್ಹಾಕಿ ಅಂದ್ರೆ ಅದನ್ನೂ ಬರ್ಕೋತೀನಿ. ನಿನ್ನ ಬಾಯಿಂದ ಬರ್ಲಿ."

ತಮಾಷೆ ಸರ್, ಬಿಟ್ಹಾಕಿ. ಅಷ್ಟೇ ಸಾಕಿತ್ತು. ಅವಳ ದನಿಯಲ್ಲಿ ನಾನೇ ನನ್ನನ್ನು ಬಿಡಿಸಿಕೊಂಡಿದ್ದರೆ ಅಲ್ಲಗಳೆಯಲು ಆ ಮನೆಯಲ್ಲಿ ಬಾಯಿರಲಿಲ್ಲ. ಚೌಕಟ್ಟಿನ ಮೇಲಿದ್ದ ಅವಳ ಕೈ ನೋಡಿದೆ. ಅದು ಅಲ್ಲಾಡಲಿಲ್ಲ, ನನಗೆ ಏನನ್ನೂ ಹೇಳಲಿಲ್ಲ. ಆರು ವಾರದಲ್ಲಿ ಆ ಕೈ ನನ್ನ ಗೆಣ್ಣುಗಳನ್ನು ಒಡೆದಿತ್ತೇ ಹೊರತು ಕ್ಷಮಿಸಿದೆ ಎಂದು ಎಲ್ಲೂ ಬರೆದಿರಲಿಲ್ಲ. ನಾನೂ ಕೇಳಿರಲಿಲ್ಲ.

"ಬರ್ಕೊಳ್ಳಿ, ಸರ್" ಎಂದೆ, ಅವಳಾಗಿ.

"ಹೆಸರು?"

"ಪಾಲಾಕ್ಷ. ಫೈನಲ್ ಬಿ.ಎಸ್ಸಿ."

ಹೆಗಲ ಮೇಲಿನ ಉಗುರು ಸಡಿಲವಾಯಿತು. "ಏನಂತ ಬರೀಲಿ?"

"ಮರೆಯಿಂದ ಕರೆದ ಅಂತ. ಆಮೇಲೆ ಸಂಜೆಯೆಲ್ಲ ಕರ್ದು ಕರ್ದು ನಂಗೆ ರೂಢಿ ಮಾಡ್ಸಿದ ಅಂತ. ಮಾರನೇ ದಿನ ಕಾಡು ನಿಜವಾಗ್ಲೂ ಕರೆದಾಗ ಸೀಟಿ ಅವನ ಕತ್ತಲ್ಲೇ ಇತ್ತು, ಊದ್ಲಿಲ್ಲ ಅಂತ."

"ಯಾಕೆ ಊದ್ಲಿಲ್ಲ?"

"ನಮ್ಮಪ್ಪನ ದನಿ ಎಷ್ಟು ಚೆನ್ನಾಗಿದೆ, ಕಲ್ತ್ಕೋಬೇಕು ಅಂತ ಕೇಳ್ತಾ ನಿಂತಿದ್ದ."

ಚೌಕಟ್ಟಿನ ಮೇಲಿದ್ದ ಕೈ ಮುಷ್ಟಿಯಾಯಿತು. ಅವಳಿಗೆ ಅದು ಗೊತ್ತಾದದ್ದು ಆಗಲೇ, ಅವಳದೇ ದನಿಯಲ್ಲಿ. ನನ್ನ ಹೆಗಲ ಮೇಲಿದ್ದ ಗುಡ್ಡಪ್ಪನ ಕೈ ಪೂರ್ತಿ ಹಿಂದಕ್ಕೆ ಹೋಯಿತು. ಹೊರಗೆ ಪೆನ್ನು ಗೀಚುವ ಸದ್ದು ನಿಂತಿತು. ಗುಮಾಸ್ತರು ದನಿ ತಗ್ಗಿಸಿ ಕೇಳಿದರು, "ಅಂದ್ರೆ ಕಾಡು ಕರೆದಿದ್ದು ನಿಜ. ನೀನು ಓಗೊಟ್ಟಿಲ್ಲ ತಾನೆ?"

ನನಗೆ ಏನೂ ಹೊಳೆಯಲಿಲ್ಲ. ಹೊಳೆಯದಿದ್ದಾಗ ಬಾಯಿ ಯಾವುದನ್ನು ಆಡುತ್ತದೋ ಅದನ್ನೇ ಆಡಿತು. "ಓಗೊಟ್ಟಿದ್ರೆ ನಿಮ್ಮ ಹತ್ರ ಹೆಂಗೆ ಮಾತಾಡ್ತಿದ್ದೆ, ಸರ್?"

ಮೊದಲು ನಕ್ಕವರು ಗುಮಾಸ್ತರು. ತಮ್ಮ ಪೆದ್ದುತನಕ್ಕೆ ತಾವೇ ಹಣೆ ಚಚ್ಚಿಕೊಂಡು, "ಅದೂ ಸರಿಯೇ ಕಣಮ್ಮ" ಎಂದು ನಕ್ಕರು. ಮೊಳೆಯ ಡಬ್ಬಿ ಹಿಡಿದಿದ್ದವನು ನಕ್ಕ. ಕತ್ತಲೆಯಲ್ಲಿ ಗುಡ್ಡಪ್ಪನ ಎದೆ ಕುಲುಕಿತು. ದೇವೀರಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ನಾನು ಸದ್ದಾಗದಂತೆ ಒನಕೆಯನ್ನು ಕಚ್ಚಿ ಹಿಡಿದೆ. ಅವರೆಲ್ಲರನ್ನೂ ಮುಳುಗಿಸಿಕೊಂಡು, ಬಾಯಿಯ ಮೇಲಿನ ಬಟ್ಟೆ ಜಾರಿದ್ದರ ಪರಿವೆಯೇ ಇಲ್ಲದೆ, ಹೊಸ್ತಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ಪಂಕಜಾ ನಗುತ್ತಿದ್ದಳು. ಗುಮಾಸ್ತರು ಮುಂದೆ ಹೋಗಿ ನಲವತ್ತೆರಡು ಎಂದು ಕೂಗಿದಾಗ ಆ ಮನೆಯವರು ಎರಡು ಸಲ ಇದ್ದೀವಿ ಎಂದರೂ ಆ ನಗುವಿನಲ್ಲಿ ಅವರಿಗೆ ಕೇಳಿಸದೆ, ಮೂರನೆಯ ಸಲವೂ ಕೂಗಬೇಕಾಯಿತು.